ನಾಲ್ಕನೆಯ ಮರ

"ನನ್ನ ಕಣ್ಣಿಗೇ ಮಣ್ಣೆರಚೋಕೆ ಬರ್ತೀಯಾ?" ಎಂದು ಮೇಡಂ ಫೋಟೋವನ್ನು ಲ್ಯಾಬಿನ ಮೇಜಿನ ಮೇಲೆ ಬಡಿದರು. ಬಡಿದ ರಭಸಕ್ಕೆ ಪಕ್ಕದ ಸ್ಟ್ಯಾಂಡಿನಲ್ಲಿದ್ದ ಗಾಜಿನ ಕೊಳವೆಗಳು ಗಲಗಲ ಅಂದವು.

ಎದುರಿಗೆ ನಿಂತಿದ್ದವಳು ಅರಣ್ಯಶಾಸ್ತ್ರ ಪದವಿಯ ಮೂರನೇ ವರ್ಷದ ಹುಡುಗಿ. ತರಗತಿಯಲ್ಲಿ ಎಲ್ಲರೂ ಅವಳನ್ನು ಪಟಾಕಿ ಎಂದು ಕರೆಯುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಆ ಹೆಸರು ಬಂತು. ಬಂದ ಹೆಸರಿಗೂ ಅವಳು ಕೋಪ ಮಾಡಿಕೊಂಡದ್ದರಿಂದ ಗಟ್ಟಿಯಾಗಿ ಉಳಿಯಿತು. ಈಗ ಮಾತ್ರ ಅವಳಿಗೆ ಸಿಡಿಯಲೂ ತೋಚಲಿಲ್ಲ, ಏಕೆಂದರೆ ಏನು ತಪ್ಪು ಮಾಡಿದ್ದೇನೆ ಎಂಬುದೇ ಗೊತ್ತಾಗಲಿಲ್ಲ.

"ನೋಡು ಸರಿಯಾಗಿ. ಎಷ್ಟು ತರ ಇದೆ?"

ಕಪ್ಪು ಹಿನ್ನೆಲೆಯ ಫೋಟೋ. ಅದರಲ್ಲಿ ನಲವತ್ತು ಓಣಿ, ಒಂದೊಂದು ಓಣಿಯಲ್ಲೂ ಮೇಲಿಂದ ಕೆಳಗೆ ಬಿಳಿ ಗೀರುಗಳು. ಒಂದು ಓಣಿ ಎಂದರೆ ಒಂದು ಮರದ ಎಲೆ. ಆ ಗೀರುಗಳು ಮರಕ್ಕೆ ತಾಯಿಯ ಕಡೆಯಿಂದ ಮಾತ್ರ ಬರುವ ಗುರುತು. ಹೂವಿಗೆ ಪರಾಗ ಎಲ್ಲಿಂದಾದರೂ ಬಂದಿರಲಿ, ಬೀಜ ಯಾವ ಮರದ ಕೊಂಬೆಯಲ್ಲಿ ಕಟ್ಟಿತ್ತೋ ಆ ಮರದ ಗುರುತು ಅದು. ಇದೇ ಜಾತಿಯ ಕಾಡುಮರಗಳಲ್ಲಿ ಮೇಡಂ ಹಿಂದೆ ಇಪ್ಪತ್ತೆಂಟು ಬಗೆಯ ಗುರುತು ಕಂಡುಹಿಡಿದಿದ್ದರು. ಅವರಿಗೆ ಡಾಕ್ಟರೇಟ್ ಬಂದದ್ದೇ ಆ ಕೆಲಸಕ್ಕೆ.

"ಮೂರು," ಎಂದಳು ಪಟಾಕಿ.

"ನಲವತ್ತು ಸಾಲಿಂದ ಒಂದೊಂದು ಎಲೆ ಅಂತ ತಂದ್ಕೊಟ್ಟೆ. ಮೂರೇ ತರ ಹೇಗೆ ಬರುತ್ತೆ? ಬಿಸಿಲಲ್ಲಿ ಯಾರು ಓಡಾಡ್ತಾರೆ ಅಂತ ಗೇಟಿನ ಹತ್ರ ಇರೋ ಮೂರು ಮರದ ಎಲೆ ಕಿತ್ತು, ನಲವತ್ತು ಪೊಟ್ಟಣ ಕಟ್ಟಿ, ನಂಬರ್ ಬರೆದ್ಬಿಟ್ಟೆ. ಅಷ್ಟೇ ತಾನೆ?"

"ಇಲ್ಲ ಮೇಡಂ. ಪ್ರತಿ ಸಾಲಿಗೂ ಹೋಗಿದ್ದೆ. ಆಣೆ ಮಾಡಿ ಹೇಳ್ತೀನಿ."

"ಆಣೆಗೆ ಇಲ್ಲಿ ಜಾಗ ಇಲ್ಲ," ಎಂದು ಮೇಡಂ ಎದುರಿಗಿದ್ದ ಅರ್ಜಿಯನ್ನು ಮಡಚಿ ಡ್ರಾಯರಿಗೆ ಹಾಕಿದರು. "ನಾನು ಇದಕ್ಕೆ ಮಾರ್ಗದರ್ಶಕಿ ಅಂತ ಸಹಿ ಹಾಕಲ್ಲ."

ಆ ಅರ್ಜಿಯ ಬಗ್ಗೆ ಹೇಳಬೇಕು. ಡಾಕ್ಟರೇಟ್ ಮಾಡುವವರಿಗೆ ಹಣ ಕೊಡುವ ನಿಧಿಗಳು ಬೇಕಾದಷ್ಟಿವೆ. ಇನ್ನೂ ಪದವಿ ಓದುತ್ತಿರುವವರು ಮರಗಳ ತಳಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತೇನೆಂದರೆ ಒಂದು ಬಾಟಲಿ ರಾಸಾಯನಿಕ ಕೊಡುವವರೂ ಇಲ್ಲ. ಇದ್ದದ್ದು ಅರಣ್ಯ ಇಲಾಖೆಯ ಈ ಒಂದು ನಿಧಿ, ವರ್ಷಕ್ಕೆ ನಾಲ್ಕು ಜನಕ್ಕೆ. ಅದರ ಪ್ರಕಟಣೆಯನ್ನು ಕಾಲೇಜಿನವರು ನೋಟಿಸ್ ಬೋರ್ಡಿನಲ್ಲಿ, ಯಾರೋ ಕಳೆದುಕೊಂಡ ಛತ್ರಿಯ ಚೀಟಿಯ ಕೆಳಗೆ ಸಿಕ್ಕಿಸಿದ್ದರು. ಅರ್ಜಿ ಹತ್ತೊಂಬತ್ತು ಪುಟ. ಕೊಡುವ ಮನಸ್ಸಿಲ್ಲದವರು ಮಾತ್ರ ಅಷ್ಟು ಪುಟದ ಅರ್ಜಿ ಮಾಡುತ್ತಾರೆ. ಪಟಾಕಿ ಛತ್ರಿಯ ಚೀಟಿ ಎತ್ತಿ ಕೆಳಗಿನದನ್ನು ಓದಿ, ಒಂದು ಕಾಲಂ ಬಿಟ್ಟು ಹತ್ತೊಂಬತ್ತೂ ಪುಟ ತುಂಬಿದ್ದಳು. ಆ ಹಣ ಬಂದರೆ ಒಂದು ವರ್ಷ ಲ್ಯಾಬಿನ ಖರ್ಚು ನಡೆಯುತ್ತಿತ್ತು. ಮುಂದಿನ ಓದಿಗೆ ಬಾಗಿಲು ತೆರೆಯುತ್ತಿತ್ತು. ಬರದಿದ್ದರೆ ಪದವಿ ಮುಗಿಸಿ ಯಾವುದೋ ನರ್ಸರಿಯ ಅಂಗಡಿಯಲ್ಲಿ ಹೂಕುಂಡ ಮಾರಬೇಕು, ಅವಳ ಸೀನಿಯರುಗಳು ಮಾರುತ್ತಿದ್ದ ಹಾಗೆ.

ಅವಳು ಕೇಳಿದ್ದ ಪ್ರಶ್ನೆಯೂ ಸುಲಭದ್ದೇ. ಊರಾಚೆ ಇಲಾಖೆಯ ಹನ್ನೆರಡು ವರ್ಷದ ನೆಡುತೋಪು ಇದೆ. ಕಾಡಿನಲ್ಲಿ ನಲವತ್ತು ಒಳ್ಳೆಯ ತಾಯಿಮರಗಳನ್ನು ಗುರುತಿಸಿ, ಬೀಜವನ್ನು ಬೇರೆಬೇರೆ ತಂದು, ಒಂದೊಂದು ತಾಯಿಯ ಸಸಿಗಳನ್ನು ಒಂದೊಂದು ಸಾಲಿನಲ್ಲಿ ನೆಟ್ಟದ್ದು ಎಂದು ದಾಖಲೆ ಹೇಳುತ್ತದೆ. ಸಾಲಿನ ತಲೆಯಲ್ಲಿ ತಾಯಿಯ ನಂಬರು ಕೊರೆದ ಕಲ್ಲೂ ಇದೆ. ಈಗ ಎರಡು ವರ್ಷದಿಂದ ಎಲ್ಲ ಸಾಲಿನ ಮರಗಳಿಗೂ ತುದಿ ಕಪ್ಪಾಗಿ ಒಣಗುವ ರೋಗ. ನಲವತ್ತು ತಾಯಿಯ ಮಕ್ಕಳಲ್ಲಿ ಯಾವುದಾದರೂ ಒಂದು ತಾಯಿಯ ಮಕ್ಕಳಾದರೂ ರೋಗ ತಡೆಯಬೇಕಿತ್ತಲ್ಲ, ಯಾಕೆ ಒಂದೂ ತಡೆಯುತ್ತಿಲ್ಲ? ಇಷ್ಟೇ ಅವಳ ಪ್ರಶ್ನೆ.

"ಮತ್ತೆ ತರ್ತೀನಿ ಮೇಡಂ. ಇನ್ನೂ ಹನ್ನೊಂದು ದಿನ ಇದೆ," ಎಂದಳು. ಅಳು ಬರದಂತೆ ಹಲ್ಲು ಕಚ್ಚಿದ್ದಳು.

"ತಾ. ಆದ್ರೆ ಜೊತೆಗೆ ಯಾರಾದ್ರೂ ದೊಡ್ಡವರು ಇರ್ಬೇಕು. ಪ್ರತಿ ಪೊಟ್ಟಣದ ಮೇಲೂ ಅವರ ಸಹಿ ಇರ್ಬೇಕು. ನಿನ್ನ ಮಾತು ನನಗೆ ಸಾಕಾಗಲ್ಲ."

ನಿನ್ನ ಮಾತು ಸಾಕಾಗಲ್ಲ. ಬಸ್ಸಿನಲ್ಲಿ ನಿಂತು ಮನೆಗೆ ಹೋಗುವವರೆಗೂ ಈ ಮೂರು ಪದ ಅವಳ ಕಿವಿಯಲ್ಲಿ ಕೂತಿದ್ದವು. ಕದ್ದಿದ್ದರೆ ಕಳ್ಳಿ ಎನ್ನಿಸಿಕೊಳ್ಳಬಹುದು. ಕಾಲು ಬೊಬ್ಬೆ ಬರುವಂತೆ ನಲವತ್ತು ಸಾಲು ತಿರುಗಿ, ಮೂರನೇ ಮರ ಆರನೇ ಮರ ಎಂದು ಎಣಿಸಿ ಎಲೆ ಕಿತ್ತವಳು ಇದನ್ನು ಯಾಕೆ ಹೊಟ್ಟೆಗೆ ಹಾಕಿಕೊಳ್ಳಬೇಕು?

ದೊಡ್ಡವರು ಎಂದರೆ ಅವಳಿಗೆ ಇದ್ದದ್ದು ಅಪ್ಪ. ಅವನು ಇಲಾಖೆಯ ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುವ ದಿನಗೂಲಿ. ಅದಕ್ಕೆ ಮೊದಲು ಹದಿನೈದು ವರ್ಷ ಬೀಜ ವಿಭಾಗದಲ್ಲಿ ಮರ ಹತ್ತುವ ಕೆಲಸದಲ್ಲಿದ್ದ. ಮಗಳು ಮರದ ವಿಷಯವನ್ನೇ ಓದಲು ಆರಿಸಿಕೊಂಡದ್ದಕ್ಕೆ ಅವನಷ್ಟು ಹಿಗ್ಗಿದವರಿಲ್ಲ. ಆದರೆ ಆ ತೋಪಿಗೆ ಬಾ ಎಂದಾಗ ಮಾತ್ರ ಅವನ ಮುಖ ಸಪ್ಪಗಾಯಿತು.

"ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು ಪುಟ್ಟಿ. ಪಕ್ಕದ ಮನೆ ಮೇಷ್ಟ್ರು ಇದ್ದಾರಲ್ಲ."

"ಮೇಷ್ಟ್ರಿಗೆ ಮರಕ್ಕೂ ಲೈಟುಕಂಬಕ್ಕೂ ವ್ಯತ್ಯಾಸ ಗೊತ್ತಿಲ್ಲ. ನೀನೇ ಬಾ."

"ನನಗೆ ಸೊಂಟ ನೋವು."

"ಹತ್ತು ಅಂತ ಹೇಳ್ತಿಲ್ಲ ಅಪ್ಪ. ಕೆಳಗೆ ನಿಂತು ಸಹಿ ಹಾಕು ಅಷ್ಟೇ."

ಬೆಳಿಗ್ಗೆ ಇಬ್ಬರೂ ಹೋದರು. ತೋಪಿನೊಳಗೆ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಆ ವಯಸ್ಸಿನ ಮರಗಳಿಗೆ ಇರಬೇಕಾದ ತಲೆಯೇ ಇರಲಿಲ್ಲ. ತುದಿಯೆಲ್ಲ ಸುಟ್ಟ ಕಡ್ಡಿಯ ಹಾಗೆ ಕರಕಲಾಗಿ ನಿಂತಿದ್ದವು. ಅವಳು ದೋಟಿಯಿಂದ ಒಂದು ಎಲೆ ಎಳೆಯುವುದು, ಸಾಲಿನ ಕಲ್ಲಿನ ಪಕ್ಕದಲ್ಲಿ ಹಿಡಿದು ಫೋಟೋ ತೆಗೆಯುವುದು, ತೇವ ಹೀರುವ ನೀಲಿ ಹರಳು ಹಾಕಿದ ಪೊಟ್ಟಣಕ್ಕೆ ಸೇರಿಸುವುದು, ಅಪ್ಪನ ಕೈಗೆ ಕೊಡುವುದು. ಅಪ್ಪ ಎರಡನೇ ತರಗತಿಯವರೆಗೆ ಓದಿದವನು. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ಹೊರಚಾಚಿ, ಅಕ್ಷರವನ್ನು ಚಿತ್ರ ಬರೆದಂತೆ ಬರೆಯುತ್ತಿದ್ದ. ಒಂದು ಸಹಿಗೆ ಒಂದು ನಿಮಿಷ.

ಹನ್ನೊಂದನೆಯ ಸಾಲು ಮುಗಿದ ಮೇಲೆ ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿದ.

"ಸಾಕು ಬಿಡು."

"ಏನು ಸಾಕು? ಇನ್ನೂ ಇಪ್ಪತ್ತೊಂಬತ್ತು ಇದೆ."

"ಎಷ್ಟು ಕಿತ್ರೂ ಮೂರೇ ಬರೋದು ಪುಟ್ಟಿ."

ಅವಳು ದೋಟಿ ಇಳಿಸಿದಳು. ಅಪ್ಪ ಕಲ್ಲಿನ ಮೇಲೆ ಕೂತು ನೆಲ ನೋಡುತ್ತಿದ್ದ.

"ಈ ತೋಪಿನ ಬೀಜ ತಂದಿದ್ದು ನಾನೇ. ನಾನು, ಅಳಿಲು."

ಅಳಿಲು ಎಂದರೆ ಅಪ್ಪನ ಜೊತೆಗಾರ. ಮರ ಹತ್ತುವ ಚುರುಕಿಗೆ ಬಂದ ಹೆಸರು. ಪಟಾಕಿಯನ್ನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸುತ್ತಿದ್ದ. ಅವಳಿಗೆ ಒಂಬತ್ತು ವರ್ಷವಿದ್ದಾಗ ಜ್ವರ ಬಂದು ತೀರಿಕೊಂಡ ಎಂದಷ್ಟೇ ಮನೆಯಲ್ಲಿ ಹೇಳಿದ್ದರು.

"ನಲವತ್ತು ಮರ, ಎಂಟು ದಿನ, ಎರಡು ಆಳು, ಒಂದು ಹಗ್ಗ," ಎಂದ ಅಪ್ಪ. "ಒಂದೊಂದು ಮರ ನೂರಡಿ. ಎಷ್ಟು ಚೆನ್ನಾಗಿ ಹತ್ತೋನಾದ್ರೂ ದಿನಕ್ಕೆ ಎರಡು ಮರ ಆದ್ರೆ ಹೆಚ್ಚು. ಸೊಂಟಕ್ಕೆ ಕಟ್ಟೋ ಬೆಲ್ಟು ಕೇಳಿದ್ವಿ. ಬರ್ತಾ ಇದೆ ಅಂದ್ರು. ಇವತ್ತಿಗೂ ಬರ್ತಾನೇ ಇದೆ. ಎರಡು ದಿನಕ್ಕೆ ಎರಡು ಮರ ಆಯ್ತು. ಮೂರನೇ ದಿನ ನಾನು ಮೂರನೇದರ ಮೇಲಿದ್ದೆ, ಹಗ್ಗ ನನ್ನ ಹತ್ರ. ಸಾಹೇಬ್ರಿಗೆ ಅವಸರ. ನಾಲ್ಕನೇದಕ್ಕೆ ನೀನು ಹತ್ತೋ ಅಂದ್ರು ಅವನಿಗೆ. ಹಗ್ಗ ಬರ್ಲಿ ಸಾರ್ ಅಂದ. ಅಳಿಲಿಗೆ ಯಾಕೋ ಹಗ್ಗ ಅಂದ್ರು. ಅವನೂ ನಕ್ಕ. ನಕ್ಕೊಂಡೇ ಹತ್ತಿದ."

ಅಪ್ಪ ಮೂಗು ಒರೆಸಿಕೊಂಡ.

"ಕೊಂಬೆ ಮೇಲ್ಗಡೆ ಚೆನ್ನಾಗಿತ್ತು. ಒಳಗೆಲ್ಲ ಗೆದ್ದಲು."

"ಜ್ವರ ಅಂದಿದ್ರಿ."

"ಹದಿನೇಳು ದಿನ ಆಸ್ಪತ್ರೇಲಿದ್ದ. ಕೊನೆಗೆ ಜ್ವರಾನೂ ಬಂತು. ಹಾಜರಿ ಪುಸ್ತಕದಲ್ಲಿ ಅವತ್ತು ಅವನಿಗೆ ರಜೆ ಅಂತ ಬರೆದಿದ್ರು. ರಜೇಲಿದ್ದೋನು ಎಲ್ಲಿ ಬಿದ್ರೆ ಇಲಾಖೆಗೇನು? ಅವನ ಹೆಂಡ್ತಿ ಮೂರು ಸಲ ಆಫೀಸಿಗೆ ಬಂದ್ಲು. ಮೂರು ಸಲಾನೂ ಅದೇ ಪುಸ್ತಕ ತೆಗೆದು ತೋರಿಸಿದ್ರು."

"ನೀನು?"

"ಮಾರನೇ ದಿನ ಹತ್ತು ಅಂದ್ರು. ಗೊತ್ತಿಲ್ಲದ ಮರ ಮುಟ್ಟೋಕೆ ಕಾಲು ಬರಲಿಲ್ಲ. ಹತ್ತಿ ಇಳಿದಿದ್ದ ಮೂರು ಮರಕ್ಕೆ ಮಾತ್ರ ಕಾಲು ಬಂತು. ಹಾಗಾದ್ರೆ ಅವನ್ನೇ ಬೋಳಿಸು ಅಂದ್ರು ಸಾಹೇಬ್ರು. ಒಂದು ಕಾಯಿ ಬಿಡದ ಹಾಗೆ ಬೋಳಿಸ್ದೆ. ನಲವತ್ತು ಚೀಲಕ್ಕೆ ಹಂಚ್ದೆ. ಚೀಟಿ ಅವರೇ ಬರೆದ್ರು, ಜೀಪಲ್ಲಿ ಕೂತ್ಕೊಂಡು. ಮರ ನಂಬರ್ ನಾಲ್ಕು, ಮರ ನಂಬರ್ ಐದು..."

ಪಟಾಕಿಗೆ ಮೈಯೆಲ್ಲ ಉರಿಯಿತು. ಅಳಿಲು ಮಾಮನಿಗಾಗಿ ಅಲ್ಲ, ಆ ಕ್ಷಣಕ್ಕೆ ತನಗಾಗಿ. "ನನ್ನನ್ನ ಮೋಸಗಾತಿ ಅಂದ್ರು ಅಪ್ಪ! ಮೂರು ಮರದ್ದು ಕಿತ್ತು ನಲವತ್ತು ಪೊಟ್ಟಣ ಕಟ್ದೆ ಅಂತ ಮುಖಕ್ಕೇ ಅಂದ್ರು. ಮಾಡಿದ್ದು ನೀನು! ನಿನಗೆ ಗೊತ್ತಿತ್ತು. ನಾನು ಈ ತೋಪಿನ ಮೇಲೆ ಅರ್ಜಿ ಹಾಕ್ತೀನಿ ಅಂದ ದಿನಾನೇ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ?" ಅಪ್ಪನ ದನಿಯೂ ಏರಿತು. "ಹನ್ನೆರಡು ವರ್ಷ ಯಾರು ಕೇಳಿದ್ರು ನನ್ನ? ನೀನು ಕೇಳಿದ್ಯಾ?"

ಅವಳು ದೋಟಿ ಎತ್ತಿ ಹನ್ನೆರಡನೆಯ ಸಾಲಿಗೆ ನಡೆದಳು. ಉಳಿದ ಇಪ್ಪತ್ತೊಂಬತ್ತನ್ನೂ ಕಿತ್ತಳು. ಪೊಟ್ಟಣವನ್ನು ಅಪ್ಪನ ಕೈಗೆ ಕೊಡುವಾಗ ಅವನ ಮುಖ ನೋಡಲಿಲ್ಲ. ಅವನೂ ತಲೆ ತಗ್ಗಿಸಿ ಒಂದೊಂದಕ್ಕೂ ಸಹಿ ಹಾಕಿದ.

ಐದು ದಿನ ಬಿಟ್ಟು ಲ್ಯಾಬಿನಲ್ಲಿ ಎರಡನೇ ಫೋಟೋ ಬಂತು. ನಲವತ್ತು ಓಣಿ, ಮೂರು ತರ. ಇಡೀ ತೋಪಿಗೆ ತಾಯಿ ಮೂರೇ ಎಂದ ಮೇಲೆ ಯಾವ ಸಾಲೂ ರೋಗ ತಡೆಯದ್ದು ಆಶ್ಚರ್ಯವಲ್ಲ. ಪಟಾಕಿ ತೋಪಿನಲ್ಲಿ ಕೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಮೇಡಂ ಫೋಟೋವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದರು. ಅವಳಿಗಲ್ಲ, ಫೋಟೋಗೆ.

ಆಮೇಲೆ ಡ್ರಾಯರಿನಿಂದ ಅರ್ಜಿ ತೆಗೆದು ಕೊನೆಯ ಪುಟ ತಿರುವಿ, ಹಣ ಮಂಜೂರು ಮಾಡುವ ಸಮಿತಿಯ ಅಧ್ಯಕ್ಷರ ಹೆಸರಿನ ಕೆಳಗೆ ಉಗುರಿನಿಂದ ಗೀರಿದರು. "ಈ ತೋಪು ಮಾಡಿದಾಗ ಬೀಜ ವಿಭಾಗದ ಅಧಿಕಾರಿ ಯಾರು ಗೊತ್ತಾ? ಇವರೇ. ಈ ತೋಪಿಗೆ ಇವರಿಗೆ ಪದಕ ಬಂದಿದೆ."

"ಒಳ್ಳೇದಾಯ್ತು. ನೇರವಾಗಿ ಅವರನ್ನೇ ಕೇಳಬಹುದು."

"ಪಟಾಕಿ ತರ ಆಡಬೇಡ. ಹದಿನಾಲ್ಕನೇ ಕಾಲಂ ಇದೆಯಲ್ಲ, 'ಸಮಸ್ಯೆಗೆ ಕಾರಣ' ಅಂತ. ಅಲ್ಲಿ 'ಅಧ್ಯಯನದಿಂದ ತಿಳಿಯಬೇಕಾಗಿದೆ' ಅಂತ ಬರೆದು ಬಿಡು. ದುಡ್ಡು ಕೈಗೆ ಬರ್ಲಿ, ಕೆಲಸ ಮಾಡು, ಆಮೇಲೆ ಎಲ್ಲ ಬರಿ. ನನಗೂ ಈ ವರ್ಷ ಬಡ್ತಿ ಇದೆ."

ಅವಳು ಹಾಗೇ ಬರೆದಳು. ಮನಸ್ಸಿರಲಿಲ್ಲ, ಆದರೂ ಬರೆದಳು. ಮೇಡಂ ಸಹಿ ಹಾಕಿದರು.

ಸಂದರ್ಶನ ಇಲಾಖೆಯ ಮುಖ್ಯ ಕಚೇರಿಯಲ್ಲಿ. ಮಾರ್ಗದರ್ಶಕರೂ ಸಾಕ್ಷಿ ಸಹಿ ಹಾಕಿದವರೂ ಪೊಟ್ಟಣಗಳ ಜೊತೆ ಹಾಜರಿರಬೇಕೆಂದು ಪತ್ರದಲ್ಲಿ ಇತ್ತು. ಅಪ್ಪ ಒಂದು ದಿನದ ಕೂಲಿ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪೊಟ್ಟಣಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಮೇಡಂ. ತೋಪಿನಿಂದ ಬಂದ ಮೇಲೆ ಅಪ್ಪ ಮಗಳ ನಡುವೆ ಊಟ ಆಯ್ತಾ, ದೀಪ ಆರಿಸು ಎಂಬಷ್ಟೇ ಮಾತು ನಡೆದಿತ್ತು.

ಒಳಗೆ ಮೂವರಿದ್ದರು. ಬಲಗಡೆಯವರು ಫೋನು ನೋಡುತ್ತಿದ್ದರು, ಎಡಗಡೆಯವರು ಕನ್ನಡಕ ಒರೆಸುತ್ತಿದ್ದರು. ಕೊನೆಯವರೆಗೂ ಒರೆಸುತ್ತಲೇ ಇದ್ದರು. ನಡುವೆ ಅಧ್ಯಕ್ಷರು. ಬೆಳ್ಳಗಿನ ಕೂದಲು, ಹಿತವಾದ ದನಿ. ಕೂತ್ಕೋ ಅಮ್ಮ ಎಂದರು. ಅರ್ಜಿಯ ಪುಟ ತಿರುವುತ್ತ ಹೋದವರು ತೋಪಿನ ಹೆಸರು ಬಂದಲ್ಲಿ ನಿಂತರು. ಫೋಟೋ ನೋಡಿದರು. ಅವರಿಗೆ ವಿವರಿಸಿ ಹೇಳುವ ಅಗತ್ಯವೇ ಬರಲಿಲ್ಲ.

"ಸಾಕ್ಷಿ ಸಹಿ ಯಾರದು?"

"ನಮ್ಮಪ್ಪಂದು ಸರ್."

"ಏನು ಮಾಡ್ತಾರೆ?"

"ನರ್ಸರೀಲಿ ನೀರು ಹಾಕ್ತಾರೆ. ಮೊದಲು ಬೀಜ ವಿಭಾಗದಲ್ಲಿ ಮರ ಹತ್ತುತ್ತಿದ್ರು. ಹೊರಗೇ ಕೂತಿದ್ದಾರೆ, ಕರೀಲಾ?"

"ಬೇಡ ಬೇಡ," ಎಂದು ಅಧ್ಯಕ್ಷರು ಅವಳನ್ನೇ ನೋಡಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ನೋಡಿ ಮುಗಿದ ಮೇಲೆ ನಕ್ಕರು. "ಅದ್ಭುತವಾದ ಕೆಲಸ. ಪದವಿ ಮಟ್ಟದಲ್ಲಿ ಇಂಥದ್ದು ನಾನು ನೋಡಿಲ್ಲ. ನಿನಗೆ ಕೊಡದೆ ಇನ್ಯಾರಿಗೆ ಕೊಡೋಣ? ಆದ್ರೆ ಹದಿನಾಲ್ಕನೇ ಕಾಲಂ ಸರಿ ಇಲ್ಲ. ಕಾರಣ ಗೊತ್ತಿಲ್ಲ ಅಂದ್ರೆ ಹೇಗಮ್ಮ? ನನಗೆ ಗೊತ್ತಿದೆ. ನಾನು ಆಗ ಆ ವಿಭಾಗದಲ್ಲೇ ಇದ್ದೆ. ಈ ಕೂಲಿಗಳನ್ನ ನಂಬಿ ನಾವು ಕೆಟ್ವಿ. ಹತ್ತೋಕೆ ಸೋಮಾರಿತನ, ಸಿಕ್ಕಿದ ಮರದ್ದು ಕಿತ್ತು ಚೀಲ ತುಂಬಿಸಿಬಿಡ್ತಿದ್ರು. ಅದನ್ನೇ ಬರಿ. 'ಬೀಜ ಸಂಗ್ರಹಿಸಿದ ಕೂಲಿಯ ವಂಚನೆಯೇ ಕಾರಣ.' ಒಂದೇ ಸಾಲು. ತಿದ್ದಿದ್ದಕ್ಕೆ ನಿನ್ನ ಮಾರ್ಗದರ್ಶಕರ ಸಹಿ ಹಾಕಿಸ್ಕೊಂಡು ಬಾ. ಹದಿನೈದು ನಿಮಿಷ ಕೊಡ್ತೀನಿ. ಇವತ್ತೇ ಮಂಜೂರು."

ಎಷ್ಟು ಸಲೀಸಾಗಿ ಹೇಳಿದರು! ಗಾಳಿ ಬರಲಿ ಕಿಟಕಿ ತೆಗಿ ಅನ್ನುವ ಹಾಗೆ. ಹೊರಗೆ ಬೆಂಚಿನ ಮೇಲೆ ಕೂತವನು ಯಾರೆಂದು ಗೊತ್ತಿದ್ದೇ ಹೇಳಿದರು; ಅವನ ಮಗಳ ಕೈಯಿಂದಲೇ ಬರೆಸಿದರೆ ಮುಂದೆಂದೂ ಯಾರೂ ಬಾಯಿ ತೆಗೆಯುವುದಿಲ್ಲವೆಂದು ಲೆಕ್ಕ ಹಾಕಿಯೇ ಹೇಳಿದರು. ಪಟಾಕಿ ಅರ್ಜಿ ತೆಗೆದುಕೊಂಡು ಹೊರಗೆ ಬಂದಳು. 

ಬೆಂಚಿನ ಮುಂದೆ ನಿಂತು, ಒಳಗೆ ಕೇಳಿದ್ದನ್ನು ಹೇಳಿದಳು. ಮೇಡಂ ಕಣ್ಣು ಮುಚ್ಚಿಕೊಂಡರು. ಅಪ್ಪ ಮಾತ್ರ ತಕ್ಷಣ ಹೇಳಿದ:

"ಬರಿ."

"ಏನು?"

"ಅವರು ಹೇಳಿದ ಹಾಗೇ ಬರಿ. ಸುಳ್ಳೇನಿದೆ ಅದರಲ್ಲಿ? ಚೀಲ ತುಂಬಿದ್ದು ನಾನೇ ತಾನೆ?"

"ಅಪ್ಪ, ಸುಮ್ನಿರು. ಕೂಲಿಯ ವಂಚನೆ ಅಂತ ಕಾಗದದ ಮೇಲೆ ಬಂದ್ರೆ ನಾಳೆನೇ ನಿನ್ನ ತೆಗೀತಾರೆ."

"ತೆಗೀಲಿ. ನಂದು ಇನ್ನೆರಡು ವರ್ಷದ ಕೂಲಿ. ನಿಂದು ಈಗ ಶುರು. ಬರಿ, ಟೈಮ್ ಆಗ್ತಿದೆ." ಅವನು ಜೇಬಿನಿಂದ ತನ್ನ ಪೆನ್ನನ್ನೇ ತೆಗೆದು ಮುಚ್ಚಳ ಬಿಚ್ಚಿ ಮಗಳ ಕಡೆ ಚಾಚಿದ. ಮುಖದಲ್ಲಿ ಒಂದು ಬಗೆಯ ಸಂತೋಷವೂ ಇತ್ತು. ಕೊನೆಗೂ ಮಗಳಿಗೆ ಕೊಡಲು ತನ್ನ ಬಳಿ ಏನೋ ಇದೆ ಎಂಬ ಹಾಗೆ.

ಆ ಸಂತೋಷ ನೋಡಿ ಅವಳ ತಲೆ ಕೆಟ್ಟಿತು. ಒಳಗೆ ಕೂತವರ ಮೇಲೂ ಬಾರದಷ್ಟು ಕೋಪ ಅಪ್ಪನ ಮೇಲೆ ಬಂತು.

"ನಿನಗೆ ಇದೊಂದೇ ಗೊತ್ತಿರೋದು! ಅವತ್ತು ಚೀಲ ತುಂಬು ಅಂದ್ರು, ತುಂಬಿದೆ. ಇವತ್ತು ಕಳ್ಳ ಅನ್ನಿಸ್ಕೋ ಅಂದ್ರೆ ಅನ್ನಿಸ್ಕೋತೀಯಾ. ಸರಿ, ನಿನ್ನಿಷ್ಟ. ಅಳಿಲು ಮಾಮ? ಅವನೇನು ಮಾಡ್ಬೇಕು? ಅವನು ಇನ್ನೂ ರಜೇಲೇ ಇರ್ಬೇಕಾ?"

ಕಾರಿಡಾರಿನಲ್ಲಿ ಸರದಿ ಕಾಯುತ್ತಿದ್ದ ಹುಡುಗರು ತಿರುಗಿ ನೋಡಿದರು. ಅಪ್ಪ ಚಾಚಿದ ಕೈ ಹಾಗೇ ನಿಂತಿತು.  ಅವಳು ಅವನ ಕೈಯಿಂದ ಪೆನ್ನು ಕಿತ್ತುಕೊಂಡು ಬೆಂಚಿನ ತುದಿಯಲ್ಲಿ ಕೂತಳು.

ಹದಿನಾಲ್ಕನೇ ಕಾಲಂಗೆ ಅವರು ಬಿಟ್ಟಿದ್ದ ಜಾಗ ನಾಲ್ಕೇ ಸಾಲು. ಮೊದಲು ಬರೆದಿದ್ದನ್ನು ಹೊಡೆದು ಹಾಕಿದ ಮೇಲೆ ಮೂರು. ಅವಳು ಅಕ್ಷರ ಸಣ್ಣದು ಮಾಡಿ ಬರೆದಳು. ಜಾಗ ಮುಗಿದಾಗ ಅಂಚಿಗೆ ಹೋದಳು, ಅಂಚು ಮುಗಿದಾಗ ಕೆಳಗಿನ ಖಾಲಿ ಜಾಗಕ್ಕೆ ಇಳಿದಳು.  ಮುಗಿಸಿ ಮೇಡಂ ಕೈಗೆ ಕೊಟ್ಟಳು.

ಮೇಡಂ ಓದಿದರು. ಒಮ್ಮೆ ಮುಚ್ಚಿದ ಬಾಗಿಲ ಕಡೆ ನೋಡಿ, ಮತ್ತೆ ಓದಿದರು. "ಇದು ಕೊಟ್ರೆ ದುಡ್ಡು ಸಿಗಲ್ಲ, ಗೊತ್ತಿದೆ ತಾನೆ?"

"ಗೊತ್ತಿದೆ."

"ನಾನು ಸಹಿ ಹಾಕ್ದೇ ಇದ್ರೆ?"

"ನಿಮ್ಮ ಸಹಿ ಇಲ್ದೇನೇ ಕೊಡ್ತೀನಿ."

ಮೇಡಂ ಅಪ್ಪನ ಕಡೆ ತಿರುಗಿದರು. "ಇದೆಲ್ಲ ನಿಜಾನಾ?"

"ಅವಳೇನು ಬರೆದಿದ್ದಾಳೋ ನಾನು ಓದಿಲ್ಲಮ್ಮ," ಎಂದ ಅಪ್ಪ. "ಅವಳು ಬರೆದಿದ್ರೆ ನಿಜಾನೇ ಇರುತ್ತೆ."

ಮೇಡಂ ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡರು. ಬಡ್ತಿಯನ್ನು ನೆನೆದರೋ, ಮೇಜಿನ ಮೇಲೆ ಬಡಿದ ಆ ಮೊದಲ ಫೋಟೋವನ್ನು ನೆನೆದರೋ. ಆಮೇಲೆ ಯಾರನ್ನೋ ಬೈಯುವ ಹಾಗೆ ಬಾಯೊಳಗೇ ಏನೋ ಅಂದುಕೊಂಡು ಸಹಿ ಎಳೆದರು. ಒತ್ತಿದ ರಭಸಕ್ಕೆ ಕಾಗದ ಒಂದು ಕಡೆ ಹರಿಯಿತು.

ಬಾಗಿಲ ಬಳಿ ಇದ್ದ ಜವಾನ ಅರ್ಜಿಯನ್ನು ಒಳಗೆ ತೆಗೆದುಕೊಂಡು ಹೋದ. ಐದು ನಿಮಿಷವೂ ಆಗಿರಲಿಲ್ಲ, ಹೊರಗೆ ತಂದ. "ಅಮ್ಮಾ, ನಿಮ್ದು ವಾಪಸ್ ಕೊಡೋಕೆ ಹೇಳಿದ್ರು," ಎಂದು ಪಟಾಕಿಯ ಕೈಗಿಟ್ಟು, ಮುಂದಿನ ಹುಡುಗನನ್ನು ಕರೆದ. ಹದಿನಾಲ್ಕನೇ ಕಾಲಮ್ಮಿನ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯ ಎರಡು ಗೆರೆ. ಕೆಳಗೆ ದುಂಡನೆಯ, ಅವಸರವಿಲ್ಲದ ಅಕ್ಷರದಲ್ಲಿ: 'ನಿಗದಿತ ಜಾಗವನ್ನು ಮೀರಿ ಬರೆಯಲಾಗಿದೆ. ಅರ್ಜಿ ತಿರಸ್ಕೃತ.'

ಅವಳು ಒಂದು ಸಲ ನಕ್ಕಳು. ನಗು ಅರ್ಧಕ್ಕೇ ನಿಂತು ಕಣ್ಣು ತುಂಬಿತು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹರಿಯಲು ಹೋದಾಗ ಮೇಡಂ ಅವಳ ಮಣಿಕಟ್ಟು ಹಿಡಿದರು.

"ಹರಿದ್ರೆ ಕಪಾಳಕ್ಕೆ ಬಾರಿಸ್ತೀನಿ. ಕೆಳಗೆ ಜೆರಾಕ್ಸ್ ಅಂಗಡಿ ಇದೆ. ಹತ್ತು ಕಾಪಿ ತೆಗೆಸೋಣ. ಯಾರ್ಯಾರಿಗೆ ಕಳಿಸ್ಬೇಕು ಅಂತ ನನಗೆ ಗೊತ್ತಿದೆ."

"ಅದಕ್ಕೂ ಮೊದ್ಲು ಒಂದ್ಸಲ ನನಗೆ ಕೊಡಿ," ಎಂದ ಅಪ್ಪ.

ಪೊಟ್ಟಣಗಳ ಚೀಲವನ್ನು ಪಕ್ಕಕ್ಕಿಟ್ಟು, ಕಾಗದವನ್ನು ತೊಡೆಯ ಮೇಲೆ ಹರಡಿ, ತೋರುಬೆರಳನ್ನು 'ಸಮಸ್ಯೆಗೆ ಕಾರಣ' ಎಂಬಲ್ಲಿ ಇಟ್ಟ. ಕೆಂಪು ಗೆರೆಗಳ ಅಡಿಯಲ್ಲಿ ಮಗಳ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ಬೆರಳು ಒಂದೊಂದೇ ಅಕ್ಷರದ ಕೆಳಗೆ ಸರಿಯಿತು. ತುಟಿ ಅಲುಗುತ್ತಿತ್ತು, ಸಣ್ಣಗೆ ದನಿಯೂ ಬರುತ್ತಿತ್ತು. "ನಲವತ್ತು ಮರಗಳಲ್ಲಿ... ಬೀಜ ಕಿತ್ತಿದ್ದು ಮೂರು... ಕೂಲಿಗಳು ಇಬ್ಬರು... ಹಗ್ಗ ಒಂದು... ನಾಲ್ಕನೆಯ ಮರದಿಂದ ಒಬ್ಬರು ಬಿದ್ದು... ಹದಿನೇಳು ದಿನಗಳ ನಂತರ... ತೀರಿಕೊಂಡರು."

ಒಳಗೆ ಯಾರೋ ಹುಡುಗ ಜೋರಾಗಿ ಉತ್ತರ ಹೇಳುತ್ತಿದ್ದ. ಕಾರಿಡಾರಿನಲ್ಲಿ ಓಡಾಡುವವರು ಅಪ್ಪನ ಚಾಚಿದ ಕಾಲನ್ನು ಬಳಸಿಕೊಂಡು ಹೋಗುತ್ತಿದ್ದರು. ಮೇಡಂ ಚಿಲ್ಲರೆಗೆಂದು ಪರ್ಸು ತೆಗೆದವರು ತೆರೆದೇ ಹಿಡಿದುಕೊಂಡು ನಿಂತಿದ್ದರು. ಇನ್ನೂ ಜಾಸ್ತಿ ಇದೆ ಅಪ್ಪ, ಚೀಟಿ ಬರೆದವರದ್ದೂ ಇದೆ ಎಂದು ಹೇಳಲು ಪಟಾಕಿ ಬಗ್ಗಿದಳು. ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಬೆರಳು ಮುಂದಿನ ಸಾಲಿಗೆ ಹೋಗಿ ಅಲ್ಲೇ ನಿಂತಿತ್ತು.

"ಅಂದು ಅವರು ಕೆಲಸದಲ್ಲಿ ಇದ್ದರು," ಎಂದು ಅಪ್ಪ ಓದಿದ. ಬೆರಳನ್ನು ಸಾಲಿನ ಮೊದಲಿಗೆ ತಂದು, ಮತ್ತೊಮ್ಮೆ ಅದನ್ನೇ ಓದಿದ.